ಇಮಾನಲಿ ಎಂಬ ಹೆಸರಿಗೆ ಒಂದು ಅಂಕ

ನಮ್ಮ ಬೆಟ್ಟದ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮಾವನ ಹೆಸರು, ಭಾವನ ಹೆಸರು, ಗಂಡನ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಸರು, ಯಾವುದನ್ನೂ ಹೇಳುವುದಿಲ್ಲ. ಕಿರ್ಗಿಜ್ ರಾಜಧಾನಿ ಬಿಷ್ಕೆಕ್‌ನಲ್ಲಿ ಹುಟ್ಟಿ ಬೆಳೆದ ನಾನು ಗಂಡನನ್ನು ಹೆಸರು ಹಿಡಿದೇ ಬೈಯುತ್ತಿದ್ದೆ, ಹೆಸರು ಹಿಡಿದೇ ಡೈವೋರ್ಸ್ ಕೊಟ್ಟೆ. ಆದರೆ ನರಿನ್ ಸೀಮೆಯಲ್ಲಿ ಅರವತ್ತು ದಾಟಿದ ಹೆಂಗಸರ ಬಾಯಿಂದ ಆ ಹೆಸರುಗಳನ್ನು ಹೊರಡಿಸುವುದು ಯಾರಪ್ಪನಿಂದಲೂ ಆಗದ ಕೆಲಸ.

ಮರೆವಿನ ಕಾಯಿಲೆ ಅಳೆಯುವ ಪ್ರಶ್ನೆಗಳನ್ನು ಬರೆದ ಮಹಾನುಭಾವರಿಗೆ ಇದು ಗೊತ್ತಿರಲಿಲ್ಲ. ಪ್ರಶ್ನೆಗಳು ಎಲ್ಲೋ ಹುಟ್ಟಿ, ರಷ್ಯನ್ ಭಾಷೆಗೆ ಹೋಗಿ, ಅಲ್ಲಿಂದ ಕಿರ್ಗಿಜ್ ಭಾಷೆಗೆ ಬಂದು ನಮ್ಮ ಮೇಜಿನ ಮೇಲೆ ಕೂತಿದ್ದವು. ಚಿತ್ರ ನೋಡಿ ಪ್ರಾಣಿಯ ಹೆಸರು ಹೇಳಿ. ಇವತ್ತು ಯಾವ ವಾರ. ನಿಮ್ಮ ಗಂಡನ ಹೆಸರೇನು. ಬೆಟ್ಟದ ಮುದುಕಿಯರು ಸಾಲಾಗಿ ಫೇಲಾಗುತ್ತಿದ್ದರು. ನಮ್ಮ ಸಂಶೋಧನೆಯ ಮುಖ್ಯಸ್ಥ ರಖತ್ ಇಸಾಯೆವಿಚ್ ಅದನ್ನು ನೋಡಿ, ಬೆಟ್ಟದ ಹೆಂಗಸರಿಗೆ ಮಿದುಳಿನ ಕಾಯಿಲೆ ಗಂಡಸರಿಗಿಂತ ಬಹಳ ಹೆಚ್ಚು ಎಂದು ತೀರ್ಮಾನಿಸಿ ಭಾಷಣ ತಯಾರಿ ಮಾಡಿಕೊಳ್ಳುತ್ತಿದ್ದರು. ಅವರೂ ಕಿರ್ಗಿಜ್ ತಾಯಿಯ ಮಗನೇ. ಆದರೆ ಅಮ್ಮ ಅಪ್ಪನನ್ನು ಏನಂತ ಕರೆಯುತ್ತಿದ್ದಳು ಎಂದು ಯಾವ ಮಗ ಗಮನಿಸುತ್ತಾನೆ?

ಕಲೀಪಾ ನಮ್ಮ ನರಿನ್ ಆಸ್ಪತ್ರೆಯ ಕೋಣೆಗೆ ಬಂದದ್ದು ಆ ದಿನಗಳಲ್ಲಿ. ನಮ್ಮ ಕಡೆಯ ಉಪ್ಪಿನ ಚಹಾಕ್ಕೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಹಸುವನ್ನು ಎಲ್ಲಿ ಕಟ್ಟಿದೆ ಅನ್ನುವುದು ಮರೆಯುತ್ತಾರೆ ಎಂದು ಗಂಡನೇ ಕರೆದುಕೊಂಡು ಬಂದಿದ್ದರು. ಗಂಡನನ್ನು ಬಾಗಿಲಾಚೆ ಕೂರಿಸಿ ನಾನು ತೋಳದ ಚಿತ್ರ ತೋರಿಸಿದೆ.

"ಊಳಿಡೋದು," ಅಂದರು ಕಲೀಪಾ.

"ಸರಿ ಅಮ್ಮ, ಅದರ ಹೆಸರೇನು?"

"ಅದೇ, ಊಳಿಡೋದು. ಕುರಿ ತಿನ್ನೋದು. ನೀನು ನೋಡಿಲ್ವಾ?"

ಪದ ಸಿಗದೆ ಸುತ್ತುಬಳಸಿ ಹೇಳುವುದು ನಮ್ಮ ಲೆಕ್ಕದಲ್ಲಿ ಕಾಯಿಲೆಯ ಗುರುತು. ನಾನು ಸೊನ್ನೆ ಬರೆದು ಮುಂದಿನ ಪ್ರಶ್ನೆ ಕೇಳಿದೆ, ಗಂಡನ ಹೆಸರು. ಕಲೀಪಾ ತಲೆ ತಗ್ಗಿಸಿದರು. ತಲೆವಸ್ತ್ರದ ಅಂಚನ್ನು ಎಳೆದು ಬಾಯಿಗೆ ಅಡ್ಡ ಹಿಡಿದು, ಗದ್ದದಿಂದ ಬಾಗಿಲ ಕಡೆ ತೋರಿಸಿದರು. ಅಷ್ಟೇ. ನಾನು ಮತ್ತೆ ಕೇಳಿದೆ. ಮತ್ತೆ ಗದ್ದ ಬಾಗಿಲ ಕಡೆ ಹೋಯಿತು. ಬಾಗಿಲು ತಾನಾಗಿಯೇ ತೆರೆದುಕೊಂಡು ಬಿಳಿ ಉಣ್ಣೆ ಟೋಪಿಯ ತಲೆಯೊಂದು ಒಳಗೆ ಬಂತು.

"ಅವಳಿಗೆ ಗೊತ್ತು ಮಗಳೇ. ಹೇಳಲ್ಲ ಅಷ್ಟೇ."

"ತಾತ, ನೀವು ಹೊರಗಿರ್ಬೇಕು."

"ಇರ್ತೀನಿ. ಆದ್ರೆ ಮಾರ್ಕ್ಸ್ ಕಟ್ ಮಾಡ್ಬೇಡ. ಮದುವೆ ಆದಾಗಿಂದ ನಾನು ಇವಳಿಗೆ 'ಏನ್ರೀ', 'ಇಲ್ನೋಡಿ', 'ಮಕ್ಕಳಪ್ಪ'. ಸಿಟ್ಟು ಬಂದ್ರೆ 'ಆ ಮನುಷ್ಯ'. ನನ್ನ ಹೆಸರು ಇಮಾನಲಿ ಅನ್ನೋದು ನನಗೇ ಮರ್ತೋಗೋ ಹಾಗಾಗಿದೆ. ಮೊದಲು ನನಗೇ ಟೆಸ್ಟ್ ಮಾಡು."

"ಹೆಸರು ಹಿಡಿದು ಕರೆಯೋಕೆ ಇವ್ರೇನು ನಾಯಿನಾ?" ಎಂದರು ಕಲೀಪಾ, ವಸ್ತ್ರದ ಅಂಚಿನ ಹಿಂದಿನಿಂದಲೇ. "ಊಳಿಡೋದರ ಹೆಸರೂ ಹೇಳು ಅಂತಾಳೆ ಈ ಹುಡುಗಿ. ನಮ್ಮ ಭಾವನೋರ ಹೆಸರಲ್ಲಿ ಅದು ಇದೆ ಅಂತ ಇವಳಿಗೆ ಯಾರೂ ಹೇಳಿಲ್ವಾ?"

ಭಾವನ ಹೆಸರು ಬೊರುಬಾಯ್. ನಮ್ಮ ಭಾಷೆಯಲ್ಲಿ 'ಬೊರು' ಅಂದರೆ ತೋಳ. ನಾನು ಪೆನ್ನು ಕೆಳಗಿಟ್ಟು ನಕ್ಕೆ. ಆಮೇಲೆ ನಗು ಹೋಗಿ ಸಿಟ್ಟು ಬಂತು. ಎಷ್ಟು ಮುದುಕಿಯರ ಮರ್ಯಾದೆಗೆ ನಾವು ಸೊನ್ನೆ ಬರೆದಿದ್ದೆವೋ!

ಅಂದಿನಿಂದ ಕೆಲಸದ ರೀತಿ ಬದಲಾಯಿಸಿದೆ. ಹೆಂಗಸನ್ನು ಪರೀಕ್ಷಿಸುವ ಮೊದಲು ಗಂಡನನ್ನೋ ನಾದಿನಿಯನ್ನೋ ಕೂರಿಸಿಕೊಂಡು ಮನೆಯ ಹಿರಿಯರ ಹೆಸರು ಕೇಳುವುದು. ಆಕೆಯ ಬಾಯಿಗೆ ಯಾವ ಮಾತು ಮುಚ್ಚಿದೆ ಎಂದು ತಿಳಿದುಕೊಳ್ಳುವುದು. ಮುಚ್ಚಿದ ಮಾತಿಗೆ ಬದಲಿ ಮಾತು ಹೇಳಿದರೆ ಪೂರ್ತಿ ಅಂಕ. ಗಂಡನ ಹೆಸರು ಕೇಳಿದಾಗ ತಲೆ ತಗ್ಗಿಸಿ, ಬಾಯಿಗೆ ವಸ್ತ್ರ ಹಿಡಿದರೆ ಅದಕ್ಕೂ ಒಂದು ಅಂಕ. ರಖತ್ ಇಸಾಯೆವಿಚ್, "ಮೌನಕ್ಕೆ ಅಂಕ ಕೊಡೋದನ್ನ ನಾನು ಎಲ್ಲೂ ಕೇಳಿಲ್ಲ ಜಿಬೆಕ್," ಎಂದು ಗೊಣಗಿದರು. ನಾನು ಅವರಿಂದಲೇ ಅವರ ತಾಯಿಗೆ ಫೋನ್ ಮಾಡಿಸಿ, ತೀರಿಹೋದ ಗಂಡನ ಹೆಸರು ಹೇಳಿ ಎಂದು ಕೇಳಿಸಿದೆ. ಆ ಕಡೆಯಿಂದ ಬಂದ ಬೈಗುಳ ಕೇಳಿ ಅವರು ಒಪ್ಪಿಕೊಂಡರು. ಭಾಷಣವನ್ನು ಹರಿದು ಹಾಕಿದರು.

ಅಂಕಗಳನ್ನು ಸರಿ ಮಾಡಿದ ಮೇಲೂ ಕಲೀಪಾ ಅವರಲ್ಲಿ ಒಂದಿಷ್ಟು ಮರೆವು ಉಳಿಯಿತು. ಬೆನ್ನುಮೂಳೆಯಿಂದ ತೆಗೆದ ನೀರಿನ ಪರೀಕ್ಷೆ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆಗ ನಮ್ಮಲ್ಲಿ ಒಂದು ಹೊಸ ಔಷಧಿಯ ಪ್ರಯೋಗ ನಡೆಯುತ್ತಿತ್ತು. ಮರೆವಿನ ಕಾಯಿಲೆಯಲ್ಲಿ ಮಿದುಳಿನೊಳಗೆ ಅಂಟಂಟಾಗಿ ಕಟ್ಟಿಕೊಳ್ಳುವ ಕೊಳೆಯನ್ನು ಅದು ತೊಳೆಯುತ್ತದೆ. ಆದರೆ ಶುರುವಿನ ಹಂತದಲ್ಲಿ ಇರುವವರಿಗೆ ಮಾತ್ರ. ಅಂಕ ಒಂದು ಗೆರೆಗಿಂತ ಕೆಳಗಿಳಿದರೆ ಔಷಧಿ ನಿಲ್ಲಿಸಬೇಕು. ಕಲೀಪಾ ಗೆರೆಯ ಮೇಲಿದ್ದರು. ಸೇರಿಸಿಕೊಂಡೆವು.

ಒಪ್ಪಿಗೆಯ ಸಹಿ ಹಾಕುವಾಗ ಇಮಾನಲಿ ತಾತ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಉಪ್ಪು, ಹಸು, ಅದೆಲ್ಲ ಮರೀಲಿ ಮಗಳೇ. ಉಪ್ಪು ನಾನು ಹಾಕ್ತೀನಿ. ನಾನು ಯಾರು ಅಂತ ಅವಳಿಗೆ ಗೊತ್ತಿದ್ರೆ ಸಾಕು. ಅಷ್ಟು ಮಾಡುತ್ತಾ ಈ ಔಷಧಿ?"

"ಮಾಡ್ಬೋದು ತಾತ. ಮಾತು ಕೊಡೋಕಾಗಲ್ಲ."

"ಇನ್ನೊಂದಿದೆ. ನಗ್ಬೇಡ." ಅವರು ಟೋಪಿಯ ಅಂಚನ್ನು ತಿರುಗಿಸುತ್ತ ಕೂತರು. "ಸಾಯೋದ್ರೊಳಗೆ ಒಂದೇ ಒಂದ್ಸಲ ಅವಳ ಬಾಯಲ್ಲಿ ನನ್ನ ಹೆಸರು ಕೇಳ್ಬೇಕು ಅಂತ. ಅದಕ್ಕೇನಾದ್ರೂ ಔಷಧಿ ಇದ್ಯಾ?"

ನಾನು ನಕ್ಕೆ. ಅವರೂ ನಕ್ಕರು.

ತಿಂಗಳಿಗೊಮ್ಮೆ ಅವರಿಬ್ಬರೂ ತಮ್ಮ ಊರು ಅತ್‌ಬಾಶಿಯಿಂದ ಹಳೇ ಕಾರಿನಲ್ಲಿ ಬರುತ್ತಿದ್ದರು. ಡ್ರಿಪ್ ಇಳಿಯುವಷ್ಟು ಹೊತ್ತು ತಾತ ಪಕ್ಕದಲ್ಲಿ ಕೂತು ಹೆಂಡತಿಯ ಹೊಸ ಆಟಗಳ ವರದಿ ಒಪ್ಪಿಸುತ್ತಿದ್ದರು. ಜೋರಾಗಿ ನಗುತ್ತಾಳೆ. ಪಕ್ಕದ ಮನೆಯ ಹುಡುಗಿಯ ಕೈಯಿಂದ ಮಿಠಾಯಿ ಕಿತ್ತುಕೊಂಡು ತಿಂದಳು. ನೆಂಟರ ಮುಂದೆ ತಲೆವಸ್ತ್ರ ಬಿಚ್ಚಿ ಬಿಸಾಕಿ, ಸೆಕೆ ಅಂದಳು.

"ಔಷಧಿ ಇವಳನ್ನ ಹದಿನೆಂಟರ ಹುಡುಗಿ ಮಾಡ್ತಿದೆ," ಅಂದರು ಒಂದು ಸಲ. "ಆ ವಯಸ್ಸಲ್ಲಿ ನಮ್ಮಮ್ಮನ ಭಯಕ್ಕೆ ಇವಳು ನಗಲೇ ಇಲ್ಲ ಮಗಳೇ. ಈಗ ನಗ್ತಿದಾಳೆ."

ಕಲೀಪಾ ಅವರ ಬಾಯಿತುಂಬ ಮಿಠಾಯಿ ಇತ್ತು. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಮರುವರ್ಷದ ಪರೀಕ್ಷೆಗೆ ಬಾಗಿಲು ಅರ್ಧ ತೆರೆದೇ ಇತ್ತು, ತಾತ ಎಂದಿನಂತೆ ಹೊರಗಿನ ಬೆಂಚಿನ ಮೇಲೆ. ವಾರ ತಪ್ಪಿತು, ತಿಂಗಳು ತಪ್ಪಿತು. ಗೆರೆ ಹತ್ತಿರವಾಗುತ್ತಿರುವುದು ನನಗೆ ಕಾಣುತ್ತಿತ್ತು. ಗಂಡನ ಹೆಸರೇನಮ್ಮ ಎಂದು ಕೇಳಿ, ತಲೆ ತಗ್ಗಿಸಲಿ ಎಂದು ಕಾದೆ. ಕಲೀಪಾ ಮಿಠಾಯಿಯ ಕಾಗದ ಬಿಚ್ಚುತ್ತಿದ್ದರು.

"ಇಮಾನಲಿ," ಅಂದರು.

ನನ್ನ ಕೈ ಅಂಕ ಬರೆದುಬಿಟ್ಟಿತ್ತು. ಹೊರಗೆ ಬೆಂಚು ಕಿರ್ ಎಂದಿತು. ತಾತ ಬಾಗಿಲಲ್ಲಿ ಬಂದು ನಿಂತರು.

"ಇನ್ನೊಂದ್ಸಲ ಕೇಳು."

"ಕೇಳೋ ಹಾಗಿಲ್ಲ ತಾತ."

"ಕೇಳು ಮಗಳೇ, ನಿನ್ನ ಕಾಲಿಗೆ ಬೀಳ್ತೀನಿ."

ಕೇಳಿದೆ. "ಇಮಾನಲಿ, ಇಮಾನಲಿ," ಎಂದು ಎರಡು ಸಲ ಹೇಳಿದರು ಕಲೀಪಾ. ತಾತ ಗೋಡೆಗೆ ಒರಗಿಕೊಂಡು ಮಗುವಿನ ಹಾಗೆ ಅತ್ತರು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ. ಒಟ್ಟು ಅಂಕ ಸರಿಯಾಗಿ ಗೆರೆಯ ಮೇಲೆ ನಿಂತಿತ್ತು. ಒಂದು ಕಡಿಮೆಯಾಗಿದ್ದರೂ ಔಷಧಿ ನಿಲ್ಲುತ್ತಿತ್ತು. ಗಂಡನ ಹೆಸರೇ ಅವರನ್ನು ಉಳಿಸಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ತಾತ ಕುರಿ ಕಡಿಸಿದರು. ಊರಿಗೆಲ್ಲ ಊಟ ಹಾಕುತ್ತೇನೆ, ನೀನು ಬರದಿದ್ದರೆ ನಾನು ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಹೋದೆ. ಅತ್‌ಬಾಶಿಯ ಅವರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಬೊರುಬಾಯ್ ಕೂತಿದ್ದರು, ಹೊಟ್ಟೆಯವರೆಗೆ ಬಿಳಿ ಗಡ್ಡ. ಅವರಿಗಿಂತ ಮೇಲೆ, ದಿಂಬುಗಳ ನಡುವೆ, ಕಲೀಪಾ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬಾಗಿಲ ಬಳಿ ಕೂತು ಚಹಾ ಸುರಿದವರು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ತಾತ ಮಾತ್ರ ಬಟ್ಟಲು ಹಿಡಿದು ಓಡಾಡುತ್ತಿದ್ದರು.

"ಇಮಾನಲಿ! ಚಹಾ!" ಎಂದು ಕಲೀಪಾ ಕೂಗಿದರು.

"ಬಂದೆ, ಬಂದೆ," ಎಂದರು ತಾತ. ಮನೆಯೆಲ್ಲ ನಕ್ಕಿತು. "ಮುದುಕನಿಗೆ ಈಗ ಮದುವೆ ಆಯ್ತು ನೋಡಿ," ಎಂದು ಯಾರೋ ಛೇಡಿಸಿದರು.

ಮರ್ಯಾದೆಯ ಅತಿಥಿ ಎಂದು ಕುರಿಯ ತಲೆಯನ್ನು ನನ್ನ ಮುಂದೆ ಇಟ್ಟರು. ನಾನು ಕಿವಿ ಕೊಯ್ದು ಮಕ್ಕಳಿಗೆ ಕೊಡುತ್ತಿದ್ದೆ. ಆಗ ಕಲೀಪಾ ಕೈ ಚಾಚಿದರು.

"ಬೊರುಬಾಯ್, ಆ ಮೂಳೆ ಈ ಕಡೆ ತಳ್ಳು."

ಯಾರೂ ನಗಲಿಲ್ಲ. ಬೊರುಬಾಯ್ ಗಡ್ಡದ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತರು. ಅವರ ಹೆಂಡತಿ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಇಡೀ ಮನೆ ಕಲೀಪಾ ಅವರ ಮುಖವನ್ನೇ ನೋಡುತ್ತಿತ್ತು, ಕಲೀಪಾ ಮೂಳೆಯನ್ನು ನೋಡುತ್ತಿದ್ದರು. ಯಾರಾದರೂ ಬೇಜಾರು ಮಾಡಿಕೊಂಡರೇ ಎಂದು ಒಮ್ಮೆಯೂ ತಲೆ ಎತ್ತಲಿಲ್ಲ. ಹೆಸರು ಹೇಳಿದ್ದಕ್ಕಿಂತ ಆ ತಲೆ ಎತ್ತದಿದ್ದದ್ದು ನನ್ನ ಕೈಯ ಚಾಕುವನ್ನು ಕೆಳಗಿಡಿಸಿತು. ನಗು, ಮಿಠಾಯಿ, ಬಿಸಾಡಿದ ವಸ್ತ್ರ, ಎಲ್ಲ ಒಟ್ಟಿಗೆ ನೆನಪಾದವು.

ಅಂಗಳದಲ್ಲಿ ತಾತ ಹೂಜಿಯಿಂದ ನನ್ನ ಕೈಗೆ ನೀರು ಹಾಕಿದರು.

"ನಿನ್ನ ಮುಖ ಯಾಕೆ ಹಾಗಾಯ್ತು?"

"ಬಿಷ್ಕೆಕ್‌ಗೆ ಕರ್ಕೊಂಡ್ ಬನ್ನಿ ತಾತ. ಒಂದು ಸ್ಕ್ಯಾನ್ ಮಾಡ್ಬೇಕು."

"ಅಣ್ಣನ ಹೆಸರು ಹಿಡಿದಳು ಅಂತನಾ? ಅವನೇನೂ ಅಂದ್ಕೊಳ್ಳಲ್ಲ." ನೀರು ನನ್ನ ಕೈ ತಪ್ಪಿ ನೆಲಕ್ಕೆ ಸುರಿಯುತ್ತಿತ್ತು.

ಸ್ಕ್ಯಾನಿನಲ್ಲಿ ಮಿದುಳಿನ ಮುಂಭಾಗ ಬಾಡಿತ್ತು. ಅದು ಬೇರೆ ಕಾಯಿಲೆ. ನೆನಪಿನ ಉಗ್ರಾಣ ಅದಕ್ಕೆ ಆಮೇಲೆ. ಮೊದಲು ಅದು ಕೈ ಹಾಕುವುದು ನಮ್ಮನ್ನು ತಡೆಯುವ ಜಾಗಕ್ಕೆ, ಇದನ್ನು ಮಾಡಬೇಡ, ಇದನ್ನು ಆಡಬೇಡ, ಎದುರಿಗಿರುವವರ ಮುಖ ನೋಡು ಎಂದು ಹೇಳುವ ಜಾಗಕ್ಕೆ. ಅಲ್ಲಿ ಕೆಡುವುದು ಬೇರೆಯದೇ ವಸ್ತು, ನಮ್ಮ ಔಷಧಿ ತೊಳೆಯುವ ಕೊಳೆಯಲ್ಲ. ಅದು ಸಾಲದೆಂಬಂತೆ ಔಷಧಿಯಿಂದ ಅಲ್ಲಲ್ಲಿ ಸಣ್ಣಗೆ ರಕ್ತ ಒಸರಲು ಶುರುವಾಗಿತ್ತು.

ರಖತ್ ಇಸಾಯೆವಿಚ್ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆದರೂ ಅವರಿಗೆ ಒಪ್ಪಲು ಮನಸ್ಸಿಲ್ಲ.

"ಅಂಕ ಗೆರೆ ಮೇಲಿದೆಯಲ್ಲ. ಇನ್ನೆರಡು ತಿಂಗಳು ನೋಡೋಣ."

"ಆ ಹೆಸರಿನ ಅಂಕ ತೆಗೀರಿ. ಆಗ ಗೆರೆ ಕೆಳಗೆ ಬರುತ್ತೆ."

"ಹೇಳದೆ ಇದ್ದಾಗ ಅಂಕ ಕೊಡಿ ಅಂತ ಜಗಳ ಆಡಿದ್ದೂ ನೀವೇ. ಈಗ ಹೇಳಿದ್ರೆ ಕೊಡ್ಬೇಡಿ ಅನ್ನೋದೂ ನೀವೇನಾ?"

"ಹೌದು. ಆ ಹೆಂಗಸು ಸತ್ರೂ ಹೇಳ್ತಿರ್ಲಿಲ್ಲ. ಹೇಳಿದಾರೆ ಅಂದ್ರೆ ಹೇಳಿದ್ದು ಕಾಯಿಲೆ. ಕಾಯಿಲೆಗೆ ಯಾಕ್ರೀ ಅಂಕ?"

ನನ್ನ ದನಿ ಕಾರಿಡಾರಿನ ಕೊನೆಯವರೆಗೆ ಕೇಳಿತಂತೆ. ಕೊನೆಗೆ ಅವರೇ ಪೆನ್ನು ತೆಗೆದು ಆ ಅಂಕ ಹೊಡೆದು ಹಾಕಿದರು.

ಹೇಳುವ ಕೆಲಸ ನನ್ನದೇ. ಆಸ್ಪತ್ರೆಯ ಹಿಂದಿನ ಪೋಪ್ಲರ್ ಮರಗಳ ಕೆಳಗೆ ತಾತ ಬೆಂಚಿನ ಮೇಲೆ ಕೂತಿದ್ದರು. ಕಲೀಪಾ ಸ್ವಲ್ಪ ದೂರದಲ್ಲಿ ಎಲೆ ಹೆಕ್ಕುತ್ತಿದ್ದರು.

"ಔಷಧಿ ನಿಲ್ಲಿಸ್ಬೇಕು ತಾತ. ನಾವು ಅಂದ್ಕೊಂಡಿದ್ದ ಕಾಯಿಲೆ ಇದಲ್ಲ. ಆ ಔಷಧಿಯಿಂದ ಅಮ್ಮನಿಗೆ ತೊಂದ್ರೆನೇ ಆಗ್ತಿದೆ."

"ಈ ಕಾಯಿಲೆಗೆ ಬೇರೆ ಔಷಧಿ ಕೊಡಿ."

"ಇಲ್ಲ ತಾತ. ಇದಕ್ಕೆ ಇನ್ನೂ ಯಾವುದೂ ಇಲ್ಲ."

ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಏನು ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಕೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಮತ್ತೆ ನನ್ನ ಹೆಸರು?"

"ಅದು ಕಾಯಿಲೆಯಿಂದ ತಾತ. ನಮ್ಮೊಳಗೆ ಬೇಡ ಬೇಡ ಅಂತ ಹಿಡಿದಿಟ್ಕೊಳ್ಳೋದು ಒಂದಿರುತ್ತೆ. ಅಮ್ಮನಲ್ಲಿ ಅದು ಹೋಗಿದೆ. ಅದಕ್ಕೇ ಒಳಗಿದ್ದದ್ದು ಹೊರಗೆ ಬಂತು."

ತಾತ ಎಲೆ ಹೆಕ್ಕುತ್ತಿದ್ದ ಹೆಂಡತಿಯ ಕಡೆ ತಿರುಗಿದರು. "ಅಂದ್ರೆ ಒಳಗೆ ಇತ್ತು."

"ಇತ್ತು ತಾತ."

"ಅಷ್ಟು ವರ್ಷನೂ ಇತ್ತು."

"ಇತ್ತು."

ಅವರು ತಲೆಯಾಡಿಸಿದರು. ಆಮೇಲೆ ಮಂಡಿಯ ಮೇಲಿದ್ದ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡಿದರು. "ನಾನು ಅದಕ್ಕೆ ಕುರಿ ಕಡಿಸ್ದೆ ಮಗಳೇ. ಅವಳ ಕಾಯಿಲೆಗೆ ಕುರಿ ಕಡಿಸಿ ಊರಿಗೆಲ್ಲ ಊಟ ಹಾಕ್ದೆ."

"ಇಮಾನಲಿ!" ಎಂದು ಕಲೀಪಾ ಮರದ ಕೆಳಗಿನಿಂದ ಕೂಗಿದರು. ಕೈಯಲ್ಲಿ ಒಂದು ಹಿಡಿ ಹಳದಿ ಎಲೆ.

"ಓ," ಎಂದರು ತಾತ. ಎದ್ದು ಹೋದರು.

ಆ ವರ್ಷದಿಂದ ನಾವು ಬೆಟ್ಟದೂರುಗಳಲ್ಲಿ ಹೊಸ ಪ್ರಶ್ನೆಯೊಂದನ್ನು ಕೇಳತೊಡಗಿದೆವು. ಮುದುಕಿಯನ್ನಲ್ಲ, ಮನೆಯವರನ್ನು. ನಿಮ್ಮಮ್ಮ ಹೇಳಬಾರದ ಹೆಸರು ಹೇಳಲು ಶುರು ಮಾಡಿದ್ದಾರಾ? ಹೌದು ಎಂದ ಮನೆಗಳ ಹೆಂಗಸರಿಗೆ ಸ್ಕ್ಯಾನ್ ಮಾಡಿಸಿದರೆ ಬಹುಪಾಲು ಅದೇ ಬಾಡಿದ ಮುಂಭಾಗ, ಇನ್ನೂ ಬೇರೆ ಯಾವ ಪರೀಕ್ಷೆಗೂ ಸಿಗದಷ್ಟು ಸಣ್ಣದಾಗಿ. ಇಂಥವರಿಗೆ ತಪ್ಪು ಔಷಧಿ ಹಾಕುವುದು ನಿಂತಿತು. ಇದೇ ಕಾಯಿಲೆಗೆ ಮುಂದೆ ಔಷಧಿ ಬಂದರೆ ಮೊದಲು ಸಿಗಬೇಕಾದವರು ಯಾರೆಂದು ಗೊತ್ತಾಯಿತು. ದೊಡ್ಡ ಸಭೆಗಳಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆದರು. ರಖತ್ ಇಸಾಯೆವಿಚ್ ಇದು ನಮ್ಮ ನೆಲದ ಜ್ಞಾನ ಎಂದು ಭಾಷಣ ಮಾಡಿದರು. ನನಗೆ ಮಾತ್ರ ಚಪ್ಪಾಳೆ ಕೇಳಿದಾಗಲೆಲ್ಲ ಆ ಕುರಿಯ ತಲೆ ಕಣ್ಣಮುಂದೆ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಗಂಡಂದಿರು ನಾಚಿಕೊಂಡು, ಹೌದು, ಈಗೀಗ ನನ್ನ ಹೆಸರು ಹಿಡಿದು ಕರೀತಾಳೆ ಎಂದು ಖುಷಿಯಿಂದ ಹೇಳುತ್ತಿದ್ದರು. ನಾನು ಅವರ ಮುಖ ನೋಡದೆ ಸ್ಕ್ಯಾನಿಗೆ ಬರೆದುಕೊಡುತ್ತಿದ್ದೆ.

ಪ್ರಯೋಗ ಬಿಟ್ಟವರನ್ನೂ ಕೊನೆಯಲ್ಲಿ ಒಂದು ಸಲ ನೋಡಬೇಕೆಂಬ ನಿಯಮವಿತ್ತು. ಕಲೀಪಾ ಅವರನ್ನು ನೋಡಲು ಚಳಿಗಾಲದಲ್ಲಿ ಅತ್‌ಬಾಶಿಗೆ ಹೋದೆ. ಒಲೆಯ ಪಕ್ಕದಲ್ಲಿ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ತಲೆವಸ್ತ್ರ ನೀಟಾಗಿ ಕಟ್ಟಿತ್ತು. ಗಂಟು ಗಂಡಸಿನ ಕೈಯದು.

"ದಿನವೆಲ್ಲ ಕರೀತಿದ್ಳು," ಎಂದರು ತಾತ, ನನಗೆ ಚಹಾ ಕೊಡುತ್ತ. "ಇಮಾನಲಿ, ಇಮಾನಲಿ. ರೊಟ್ಟಿ ನೋಡಿದ್ರೂ ಇಮಾನಲಿ, ಬೆಕ್ಕು ಬಂದ್ರೂ ಇಮಾನಲಿ. ನಾನು ಪ್ರತಿ ಸಲ 'ಓ' ಅಂತಿದ್ದೆ. ಯಾವುದು ನನಗೆ ಅಂತ ಹೇಗೆ ಗೊತ್ತಾಗ್ಬೇಕು? ಆಮೇಲೆ ಅದೂ ನಿಂತೋಯ್ತು. ಎಲ್ಲ ಮಾತೂ ನಿಂತೋಯ್ತು."

ನಾನು ಚಿತ್ರಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ನಾಡಿ ನೋಡಿದೆ, ಕಣ್ಣು ನೋಡಿದೆ, ಏಳಲು ಹೊರಟೆ.

"ಕೇಳು," ಎಂದರು ತಾತ.

"ಏನು?"

"ಪರೀಕ್ಷೆ. ನನ್ನ ಪ್ರಶ್ನೆ ಕೇಳು."

"ಬೇಡ ತಾತ."

"ಅಷ್ಟು ದೂರದಿಂದ ಬಂದಿದೀಯ. ಕೇಳು ಮಗಳೇ."

ನಾನು ಕಲೀಪಾ ಅವರ ಮುಂದೆ ಮಂಡಿಯೂರಿ ಕೂತೆ. "ಅಮ್ಮ, ನಿಮ್ಮ ಗಂಡನ ಹೆಸರೇನು?"

ಕಲೀಪಾ ನನ್ನನ್ನು ನೋಡಲಿಲ್ಲ. ಅವರ ತಲೆ ಮೊದಲೇ ಎದೆಯ ಮೇಲೆ ಬಾಗಿತ್ತು. ಕೈಗಳು ತಮ್ಮಷ್ಟಕ್ಕೆ ಏನನ್ನೋ ಹುಡುಕಾಡುತ್ತಿದ್ದವು, ಅಂಗಿಯ ತೋಳು, ಹೊದಿಕೆ, ಗುಂಡಿ, ಯಾವುದು ಸಿಕ್ಕರೆ ಅದನ್ನು ಹಿಡಿದು ಬಾಯಿಗೆ ಒಯ್ಯುವ ಅಭ್ಯಾಸ. ಅದೂ ಈ ಕಾಯಿಲೆಯದೇ. ಈ ಸಲ ವಸ್ತ್ರದ ಅಂಚು ಸಿಕ್ಕಿತು. ಅದನ್ನು ಬಾಯಿಗೆ ಹಿಡಿದುಕೊಂಡರು.

ತಾತ ನನ್ನ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದರು.

"ಅವಳಿಗೆ ಗೊತ್ತು ಮಗಳೇ," ಎಂದರು. "ಹೇಳಲ್ಲ ಅಷ್ಟೇ."

ನಾನು ಚೀಲದಿಂದ ಹಾಳೆ ತೆಗೆದೆ. ಅವರಿಗೆ ಕಾಣುವ ಹಾಗೆ ಮಂಡಿಯ ಮೇಲಿಟ್ಟುಕೊಂಡು ಒಂದು ಅಂಕ ಬರೆದೆ.